ಮಂಜುಳಾ ವೈನಿ ಕೊಟ್ಟ ರೊಟ್ಟಿ

ಹಳೆಯ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಟೀವಿ ಒರೆಸುತ್ತಿದ್ದೆ. ಕರೆಂಟು ಹೋಗಿತ್ತು. ಪಡಸಾಲೆಯ ಇನ್ನೊಂದು ತುದಿಯಲ್ಲಿ ಅವ್ವ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಟೀವಿ ಬಂದ್ ಆಗಿದ್ದರೆ ನಮ್ಮ ಮನೆಯಲ್ಲಿ ಮಾತು ಹುಡುಕಬೇಕಾಗುತ್ತದೆ. ಮೂಲೆಯಲ್ಲಿ ಕೂತ ಧೂಳನ್ನು ಉಗುರಿನಿಂದ ಕೆರೆದು ತೆಗೆದೆ. ಕಪ್ಪು ಗಾಜಿನಲ್ಲಿ ನನ್ನ ಮುಖ, ಅದರ ಹಿಂದೆ ಅವ್ವನ ಬೆನ್ನು, ಅದರಾಚೆ ಬಾಗಿಲು ಮತ್ತು ಓಣಿ ಕಾಣುತ್ತಿತ್ತು. ಓಣಿಯಲ್ಲಿ ಮಂಜುಳಾ ವೈನಿ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಹೋದಳು. ನಾನು ತಿರುಗಲಿಲ್ಲ, ಗಾಜಿನಲ್ಲೇ ನೋಡಿದೆ. ನಮ್ಮ ಬಾಗಿಲ ಮುಂದೆ ಅವಳ ನಡಿಗೆ ಸ್ವಲ್ಪ ನಿಧಾನವಾಯಿತು. ಅವ್ವ ತಲೆ ಎತ್ತಲಿಲ್ಲ.

ಅವತ್ತು ರೊಟ್ಟಿ ಹಬ್ಬ. ಮರುದಿನ ನಾಗರ ಚೌತಿ, ಅದರ ಮರುದಿನ ಪಂಚಮಿ. ನಮ್ಮ ಮುನವಳ್ಳಿಯಲ್ಲಿ ರೊಟ್ಟಿ ಹಬ್ಬದ ದಿನ ಯಾರೂ ತಮ್ಮ ಮನೆಯ ರೊಟ್ಟಿಯನ್ನಷ್ಟೇ ಉಣ್ಣುವುದಿಲ್ಲ. ಪ್ರತಿ ಮನೆಯಿಂದ ಪ್ರತಿ ಮನೆಗೆ ತಾಟು ಹೋಗುತ್ತದೆ. ಗರಿಗರಿಯಾದ ಕಟಕಲು ಸಜ್ಜೆ ರೊಟ್ಟಿ, ಎಣಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ. ತಾಟು ಇಸಿದುಕೊಂಡವರು ಅದನ್ನು ಬರಿದು ಮಾಡಿ, ತಮ್ಮ ಮನೆಯದನ್ನು ತುಂಬಿ ವಾಪಸು ಕೊಡುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲರ ಬುಟ್ಟಿಯಲ್ಲೂ ಓಣಿಯ ಎಲ್ಲರ ರೊಟ್ಟಿ ಇರುತ್ತವೆ. ಯಾವುದು ಯಾರ ಕೈಯದು ಎಂದು ನೋಡಿದರೇ ಗೊತ್ತಾಗುತ್ತದೆ. ಶಂಕ್ರೆಪ್ಪ ಕಾಕಾನ ಹೆಂಡತಿ ಕಸ್ತೂರವ್ವನದು ದಪ್ಪ. ನಮ್ಮ ಅವ್ವನದು ದೊಡ್ಡದು, ಅಂಚು ಸೀಳಿದ್ದು. ಮಂಜುಳಾ ವೈನಿಯ ತವರು ಹೂಲಿ. ಅವಳು ಎಳ್ಳನ್ನು ರೊಟ್ಟಿಯ ನಡುವೆ ಮಾತ್ರ ಒತ್ತುತ್ತಾಳೆ, ಹಣೆಯ ಬೊಟ್ಟಿನ ಹಾಗೆ.

ಅವಳು ಎದುರು ಮನೆಯ ಮಾಂತೇಶಣ್ಣನ ಹೆಂಡತಿ, ಅದಕ್ಕೇ ನನಗೆ ವೈನಿ. ಎಂಟನೇ ಇಯತ್ತೆ ಮುಗಿಸಿ ನಾನು ಸಾಲಿ ಬಿಟ್ಟ ವರ್ಷ ಅವಳು ಮದುವೆಯಾಗಿ ಬಂದಳು. ಅವ್ವನ ನಡ ಹಿಡಿದುಕೊಂಡಿತ್ತು, ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂತು. ನನ್ನವು ನಾಲ್ಕೂ ಕಡೆ ಹರಿಯುತ್ತಿದ್ದವು. ವೈನಿ ಬಂದು ನನ್ನ ಕೈಯ ಮೇಲೆ ಕೈ ಇಟ್ಟು, "ಹಿಟ್ಟಿಗೆ ಅಂಜಬ್ಯಾಡ, ಅದಕ್ಕ ತಿಳೀತೈತಿ," ಎಂದು ಕಲಿಸಿದಳು. ಯಾರ ಮುಂದೂ ಬಾಯಿ ಬಿಡದ ನಾನು ಅವಳ ಮುಂದೆ ಒಂದಿಷ್ಟು ಮಾತಾಡುತ್ತಿದ್ದೆ.

ಎಲ್ಲರ ಮನೆಯಲ್ಲೂ ಟೀವಿ ಇದೆ. ಆದರೂ ಓಣಿಯ ಹೆಂಗಸರು ನಮ್ಮ ಪಡಸಾಲೆಗೇ ಬರುತ್ತಾರೆ. ಅಪ್ಪ ತಂದದ್ದು ದೊಡ್ಡ ಟೀವಿ, ಗೋಡೆಯ ಅರ್ಧ ಅದೇ ಇದೆ. ಮತ್ತೆ, ಒಬ್ಬರೇ ಕೂತು ನೋಡಿದರೆ ಮಾತಾಡುವುದಕ್ಕೆ ಯಾರೂ ಇರುವುದಿಲ್ಲ. ಎಲ್ಲರಿಗೂ ತಮ್ಮ ತಮ್ಮ ಜಾಗ ಇದೆ. ಕಂಬದ ಹತ್ತಿರ ಕಸ್ತೂರವ್ವ. ಹಿಂದಿನ ಮನೆಯ ಭಾಗೀರಥಿಬಾಯಿಗೆ ಕುರ್ಚಿ. ಮಾಂತೇಶಣ್ಣನ ತಾಯಿ ಅನ್ನಪೂರ್ಣವ್ವ ಅವ್ವನ ಪಕ್ಕದಲ್ಲಿ. ದೇವರಿಗೆ ದೀಪ ಹಚ್ಚುವುದೂ ಜಾಹೀರಾತು ಬಂದಾಗಲೇ. ಚಹಾ ಕೊಡುವುದು, ಕಪ್ಪು ತೆಗೆಯುವುದು ನನ್ನ ಕೆಲಸ. ಅದಕ್ಕೇ ಟೀವಿಗಿಂತ ನನಗೆ ಇವರ ಮುಖಗಳೇ ಹೆಚ್ಚು ಕಾಣುತ್ತವೆ.

ಬೇಸಿಗೆಯ ಕೊನೆಗೆ ಮಾಂತೇಶಣ್ಣನಿಗೆ ಕಾಮಣಿ ಆಯಿತು. ಕಣ್ಣು ಹಳದಿಯಾದವು, ಉಂಡದ್ದು ನಿಲ್ಲುತ್ತಿರಲಿಲ್ಲ. ಸವದತ್ತಿಯ ಡಾಕ್ಟರು ರಕ್ತ ನೋಡಿ, ಕುಡಿದ ನೀರಿನಿಂದ ಬಂದಿದೆ, ಎಣ್ಣೆ ಖಾರ ಬಿಟ್ಟು ಮಲಗಲಿ ಎಂದರು. ವೈನಿ ಗಂಜಿ ಮಾಡಿ ಹಾಕಿದಳು. ಅಷ್ಟೇ ಆಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಅದೇ ವಾರ ಟೀವಿಯಲ್ಲಿ ದೂರದ ಯಾವುದೋ ಊರಿನ ಸುದ್ದಿ ಬಂತು. ಒಬ್ಬಾಕೆ ಗಂಡನ ಊಟದಲ್ಲಿ ದಿನಾ ಸ್ವಲ್ಪ ಸ್ವಲ್ಪ ಏನನ್ನೋ ಹಾಕಿ ಕೊಂದಿದ್ದಾಳೆ ಎಂದು. ಮುಂಜಾನೆ ಅದೇ, ಮಧ್ಯಾಹ್ನ ಅದೇ, ರಾತ್ರಿ ಅದರ ಮೇಲೆ ಚರ್ಚೆ. ನಡುನಡುವೆ ಒಂದು ಕೈ ತೋರಿಸುತ್ತಿದ್ದರು. ಹಸಿರು ಬಳೆ ತೊಟ್ಟ ಕೈ, ಬಟ್ಟಲಲ್ಲಿ ಚಮಚ ತಿರುವುತ್ತದೆ. ಸುತ್ತ ಕೆಂಪು ಗೆರೆ, ಡಮ್ ಡಮ್ ಎಂದು ಸದ್ದು. ಆ ಕೈ ನಿಜದ್ದಲ್ಲ, ಯಾರಿಗೋ ಬಳೆ ತೊಡಿಸಿ ತೆಗೆದದ್ದು ಎಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮ ಓಣಿಯಲ್ಲಿ ಹಸಿರು ಬಳೆ ಇಲ್ಲದ ಮುತ್ತೈದೆಯ ಕೈ ಎಲ್ಲಿದೆ?

"ಗಂಡಗ ಮೊದಲ ವಾಂತಿ ಸುರು ಆತಂತ," ಎಂದಳು ಕಸ್ತೂರವ್ವ.

"ನಮ್ಮ ಮಾಂತೇಶಂಗೂ ಹಿಂಗ ಆಗಿತ್ತಲ್ಲಬೇ ಅನ್ನಪೂರ್ಣಾ," ಎಂದಳು ಅವ್ವ. ನಗುತ್ತಲೇ ಅಂದಳು. "ನೋಡಬೇ ಮತ್ತ, ಸೊಸಿ ಡಬ್ಬಿಗೋಳನ್ನ ಒಂದ್ಸಲ ಮೂಸಿ ನೋಡು."

ಕಸ್ತೂರವ್ವ ಬಿದ್ದು ಬಿದ್ದು ನಕ್ಕಳು. ಭಾಗೀರಥಿಬಾಯಿ, "ಏನ್ ಚ್ಯಾಷ್ಟಿ ಮಾಡ್ತೀರೆ, ಪಾಪ," ಎಂದರು, ಆದರೆ ಅವರೂ ನಕ್ಕರು. ನಾನು ಕಪ್ಪು ಇಸಿದುಕೊಳ್ಳಲು ಬಗ್ಗಿದ್ದೆ. ಅನ್ನಪೂರ್ಣವ್ವ ನಗಲಿಲ್ಲ. ಅವಳು ಕಪ್ಪು ಬಿಡಲಿಲ್ಲ, ನಾನು ಎಳೆದರೂ ಬಿಡಲಿಲ್ಲ. ಟೀವಿಯನ್ನೇ ನೋಡುತ್ತ, "ಬಾಯಿ ಕಹಿ ಆಗತಿತ್ತಂತ ಏನರ ಹೇಳಿದ್ರ?" ಎಂದು ಕೇಳಿದಳು.

ಮುಂದಿನ ವಾರ ಅವಳು ಮಗನನ್ನು ರಾಮದುರ್ಗಕ್ಕೆ ಮಗಳ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಕಾಮಣಿಗೆ ಎಲೆ ಔಷಧ ಕೊಡುವವರಿದ್ದಾರೆ ಎಂಬುದು ಹೇಳಿದ ಕಾರಣ. ಮಾಂತೇಶಣ್ಣನ ಕಣ್ಣು ಬೆಳ್ಳಗಾದವು, ಮೈ ತುಂಬಿಕೊಂಡಿತು, ಆದರೆ ಮನೆಗೆ ಬರಲಿಲ್ಲ. ವೈನಿ ಫೋನು ಮಾಡಿದರೆ ನಾದಿನಿ ಎತ್ತುತ್ತಿದ್ದಳು. ಒಂದು ದಿನ ಅವನೇ ಎತ್ತಿದನಂತೆ. ಹಿಂದೆ ಟೀವಿಯ ಸದ್ದು ಕೇಳುತ್ತಿತ್ತಂತೆ. "ಅವತ್ತ ಪಲ್ಯಾ ಯಾಕ ಅಷ್ಟ ಕಹಿ ಆಗಿತ್ತು?" ಎಂದು ಕೇಳಿದನಂತೆ.

"ಕಾಮಣಿ ಆದಾವ್ರಿಗೆ ಸಕ್ರಿನೂ ಕಹಿ ಹತ್ತತೈತಿ ಚಿಗವ್ವಾ," ಎಂದು ವೈನಿ ನಮ್ಮ ಅವ್ವನ ಮುಂದೆ ಹೇಳಿದಳು. ಅಳಲಿಲ್ಲ. ಕಟ್ಟೆಯ ಮೇಲೆ ಕುಳಿತು ಸೆರಗಿನ ದಾರ ಎಳೆಯುತ್ತಿದ್ದಳು. "ಪಂಚಮಿಗೆ ಅಣ್ಣ ಹೂಲಿಯಿಂದ ಕರೀಲಾಕ ಬಂದಿದ್ದ. ಹೋಗಲಿಲ್ಲ ನಾ. ಹ್ವಾದ್ರ ಓಡಿ ಹ್ವಾದ್ಳು ಅಂತಾರ. ನೀವು ಹಿರ್ಯಾರು. ನಮ್ಮ ಅತ್ತಿ ನಿಮ್ಮ ಮಾತ ತಗದ ಹಾಕೂದಿಲ್ಲ. ನನ್ನ ಜೊತಿ ಒಂದ್ಸಲ ರಾಮದುರ್ಗಕ್ಕ ಬರ್ರಿ. ಓಣ್ಯಾಗ ನಾವೆಲ್ಲಾ ಈಕಿ ಕೈಯಾಗ ಉಣ್ತೇವಿ ಅಂತ ಒಂದ ಮಾತ ಹೇಳ್ರಿ. ಅವರು ಮನಿಗೆ ಬರತಾರ."

"ರೊಟ್ಟಿ ಹಬ್ಬ ಒಂದ ಆಗ್ಲಿ ತಡಿಯವಾ. ನಿನ್ನ ರೊಟ್ಟಿ ಉಂಡಿದ್ರ ಹೇಳಾಕ ನನಗೂ ಬಾಯಿ ಬರತೈತಿ," ಎಂದಳು ಅವ್ವ.

ವೈನಿಯ ಮುಖ ಅರಳಿತು. ಅವತ್ತಿನಿಂದ ಅವಳ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು.

ಆ ನಡುವೆ ಒಂದು ಮಧ್ಯಾಹ್ನ ಟೀವಿಯ ಕೆಳಗೆ ಹರಿಯುವ ಅಕ್ಷರಗಳಲ್ಲಿ ಒಂದು ಸಾಲು ಹೋಯಿತು. ಆ ದೂರದ ಊರಿನ ಹೆಂಗಸಿನ ಮೇಲಿನ ಆರೋಪಕ್ಕೆ ಆಧಾರ ಸಿಗಲಿಲ್ಲ, ಗಂಡ ಸತ್ತದ್ದು ಬೇನೆಯಿಂದ ಎಂದು. ಮೇಲೆ ಯಾರದೋ ಮದುವೆ ತೋರಿಸುತ್ತಿದ್ದರು. ನಾನು ಓದಿ ಅವ್ವನಿಗೆ ಹೇಳಿದೆ.

"ಅದು ಸಣ್ಣ ಅಕ್ಷರದಾಗ ಬಂದಿದ್ದು. ಖರೇ ಇದ್ರ ದೊಡ್ಡ ಅಕ್ಷರದಾಗ ಬರತಿತ್ತು," ಎಂದಳು ಅವ್ವ. ನಾನು ಮತ್ತೆ ಯಾರಿಗೂ ಹೇಳಲಿಲ್ಲ.

ರೊಟ್ಟಿ ಹಬ್ಬದ ದಿನ ಕರೆಂಟು ಬಂದ ಸ್ವಲ್ಪ ಹೊತ್ತಿಗೆ ವೈನಿ ತಾಟು ಹಿಡಿದು ಬಂದಳು. ತಲೆ ತುಂಬ ಸೆರಗು, ಹೊಸ ಹಸಿರು ಬಳೆ. ತಾಟಿನ ಮೇಲೆ ಮುಚ್ಚಿದ ಬಿಳಿ ಅರಿವೆಗೆ ಮಡಿಸಿಟ್ಟ ಗೆರೆ ಇತ್ತು. ಅವ್ವ ಎದ್ದು ನಿಂತು ಎರಡೂ ಕೈಯಿಂದ ಇಸಿದುಕೊಂಡಳು.

"ಏಟ್ ತೆಳ್ಳಗ ಬಡದೀಯವಾ. ಈ ಶೀತವ್ವಗ ಇನ್ನೂ ಬರವಲ್ವು ನೋಡು," ಎಂದು ನನ್ನ ಕಡೆ ಕೈ ಮಾಡಿದಳು.

"ಬರ್ತಾವ ಬಿಡ್ರಿ. ಎಣಗಾಯಿಗೆ ಗುರೆಳ್ಳ ಹಾಕೇನಿ ಚಿಗವ್ವಾ, ನಿಮಗ ಸೇರತೈತಂತ."

ಅವ್ವ ನಮ್ಮ ರೊಟ್ಟಿ ಪಲ್ಯ ತುಂಬಿದ ತಾಟನ್ನು ಅವಳ ಕೈಗಿಟ್ಟಳು. "ಇದನ್ನ ಒಯ್ಯಿ. ನಿಂದು ಆಮ್ಯಾಲ ಕಳಸ್ತೇನಿ." ವೈನಿ ನನ್ನ ಕಡೆ ನೋಡಿ ನಕ್ಕು ಹೋದಳು. ಅವಳು ಓಣಿ ದಾಟಿ ತನ್ನ ಹೊಸ್ತಿಲು ಹತ್ತುವ ತನಕ ಅವ್ವ ಬಾಗಿಲಲ್ಲೇ ಇದ್ದಳು. ಆಮೇಲೆ ತಾಟನ್ನು ನನ್ನ ಕೈಗೆ ಕೊಟ್ಟು, ಗದ್ದದಿಂದ ಹಿತ್ತಲ ಕಡೆ ತೋರಿಸಿದಳು.

"ಅಪ್ಪಗ ಹೇಳಬ್ಯಾಡ. ಯಾಕ ಬೇಕು ಸುಮ್ನ. ಏನೂ ಇರಲಿಕ್ಕಿಲ್ಲ. ಆದ್ರೂ."

ಹಿತ್ತಲಲ್ಲಿ ನಿಂತು ಅರಿವೆ ತೆಗೆದೆ. ಗುರೆಳ್ಳಿನ ವಾಸನೆ ಬಂತು. ನನ್ನ ಬಾಯಲ್ಲಿ ನೀರೂರಿತು. ಅವ್ವ ಒಳಗಿದ್ದಳು, ಯಾರೂ ನೋಡುತ್ತಿರಲಿಲ್ಲ. ಒಂದು ಚೂರು ಮುರಿದೆ. ಬಾಯಿಗೆ ಒಯ್ಯುವಾಗ ಆ ಕೈ ಕಣ್ಣ ಮುಂದೆ ಬಂತು, ಚಮಚ ತಿರುವುವ ಕೈ. ನನಗೆ ರೊಟ್ಟಿ ಕಲಿಸಿದ ಕೈ ಯಾವುದು ಎಂದು ಗೊತ್ತಿದ್ದೂ ಟೀವಿಯ ಕೈ ಮೊದಲು ಬಂತು. ಚೂರನ್ನು ತಾಟಿಗೆ ಹಾಕಿದೆ.

ಅನ್ನವನ್ನು ತಿಪ್ಪೆಗೆ ಚೆಲ್ಲುವ ರೂಢಿ ನಮ್ಮಲ್ಲಿ ಇಲ್ಲ. ಉಳಿದದ್ದು, ಹಳಸಿದ್ದು, ಅಕ್ಕಿ ತೊಳೆದ ನೀರು, ಕಾಯಿಪಲ್ಯೆಯ ಸಿಪ್ಪೆ ಎಲ್ಲವೂ ಮುಸುರೆ ಬಕೆಟ್ಟಿಗೆ ಹೋಗುತ್ತದೆ. ಪ್ರತಿ ಮನೆಯ ಕಟ್ಟೆಯ ಕೆಳಗೆ ಒಂದು ಬಕೆಟ್ಟು ಇರುತ್ತದೆ. ಸಂಜೆ ಎಮ್ಮೆ ಇದ್ದವರು ಬಂದು ಒಯ್ಯುತ್ತಾರೆ. ಹಿತ್ತಲಿಂದ ಸುತ್ತಿ ಮುಂದಿನ ಕಟ್ಟೆಗೆ ಬಂದೆ, ಅಲ್ಲಿ ಯಾರೂ ಇರಲಿಲ್ಲ, ಕೈ ತನ್ನಷ್ಟಕ್ಕೆ ತಾನೇ ಬಕೆಟ್ಟಿಗೆ ಹೋಯಿತು. ಪಲ್ಯ ಸುರಿದೆ, ರೊಟ್ಟಿ ಹಾಕಿದೆ, ಮೇಲೆ ಬದನೆಕಾಯಿ ತೊಟ್ಟುಗಳನ್ನು ಹರಡಿದೆ. ಒಳಗೆ ಬಂದು ಕೈ ತೊಳೆದ ಮೇಲೆ ನೆನಪಾಯಿತು. ಓಣಿಯಲ್ಲಿ ಎಮ್ಮೆ ಇರುವುದು ಮಂಜುಳಾ ವೈನಿಯ ಮನೆಯಲ್ಲಿ ಮಾತ್ರ.

ಹೊರಗೆ ಓಡಿದೆ. ಅಷ್ಟರಲ್ಲಿ ಅಪ್ಪ ಅಡತಿ ಅಂಗಡಿಯ ಇಬ್ಬರ ಜೊತೆ ಬಂದು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ಅವರ ಕಾಲ ಕೆಳಗೇ ಬಕೆಟ್ಟು. ಗಂಡಸರ ಮುಂದೆ ಬಗ್ಗಿ ಮುಸುರೆಯಿಂದ ರೊಟ್ಟಿ ಆರಿಸುವುದು ಹೇಗೆ? ಏನು ಅಂತ ಕೇಳಿದರೆ ಏನು ಹೇಳುವುದು? ಬಾಗಿಲ ಮರೆಯಲ್ಲಿ ನಿಂತೆ. ಅವರು ಮಳೆಯ ಮಾತು ಮುಗಿಸಿ ಹೆಸರುಕಾಳಿನ ಧಾರಣೆಗೆ ಬಂದರು, ಅದನ್ನೂ ಮುಗಿಸಿದರು. ಅವರು ಎದ್ದಾಗ ಬಿಸಿಲು ಇಳಿದಿತ್ತು. ವೈನಿ ಬಿದಿರು ಬುಟ್ಟಿ ಮತ್ತು ಕೊಡ ಹಿಡಿದು ಓಣಿಯ ಆ ತುದಿಯಿಂದ ಬರುತ್ತಿದ್ದಳು. ನಮ್ಮದು ಕೊನೆಯ ಮನೆ.

ಅವಳ ಎಮ್ಮೆ ಗಬ್ಬ ಇತ್ತು. ಅದಕ್ಕೇ ಅವಳು ಮುಸುರೆಯನ್ನು ಹಾಗೇ ಸುರಿದುಕೊಳ್ಳುತ್ತಿರಲಿಲ್ಲ. ಕೈ ಹಾಕಿ ಖಾರದ್ದು, ಹುಳಿಯದ್ದು ಬೇರೆ ತೆಗೆಯುತ್ತಿದ್ದಳು. ನಮ್ಮ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಕೆಟ್ಟಿಗೆ ಕೈ ಹಾಕಿದಳು. ಬದನೆಕಾಯಿ ತೊಟ್ಟು ಸರಿಸಿದಳು. ಕೈ ನಿಂತಿತು.

ಒಂದೊಂದೇ ರೊಟ್ಟಿ ತೆಗೆದಳು. ಮೇಲಿನದು ಇನ್ನೂ ಒಣಗಿಯೇ ಇತ್ತು, ನಡುವೆ ಎಳ್ಳಿನ ಬೊಟ್ಟು ಹಾಗೇ ಇತ್ತು. ಅದನ್ನು ಬುಟ್ಟಿಯಲ್ಲಿಟ್ಟಳು. ಆಗ ನಾನು ಕಟ್ಟೆಗೆ ಬಂದು ಬುಟ್ಟಿಯ ಒಳಗೆ ನೋಡಿದೆ. ಅಲ್ಲಿ ಅಂಥವೇ ಇದ್ದವು. ನೆನೆದವು, ಮುರಿದವು, ಪಲ್ಯ ಮೆತ್ತಿದವು, ಎಲ್ಲದರ ನಡುವೆ ಎಳ್ಳು. ಓಣಿಯ ಎಲ್ಲ ಮನೆಯಲ್ಲೂ ಗದ್ದದಿಂದ ಹಿತ್ತಲು ತೋರಿಸಿದ್ದರು, ಎಲ್ಲ ಮನೆಯಲ್ಲೂ ನನ್ನಂಥವರ ಕೈ ರೂಢಿಯ ಜಾಗಕ್ಕೇ ಹೋಗಿತ್ತು.

"ನಿಮ್ಮದೊಂದ ಮನಿ ಉಳದಿತ್ತು ನೋಡ ಶೀತವ್ವಾ," ಎಂದಳು ವೈನಿ.

ಅವ್ವ ಹೇಳಿದಳು ಎನ್ನಬೇಕೆಂದು ಬಾಯಿಗೆ ಬಂತು. ಆದರೆ ಆ ಚೂರನ್ನು ಬಾಯಿಯ ತನಕ ಒಯ್ದು ತಿರುಗಿ ತಾಟಿಗೆ ಹಾಕಿದ್ದು ಅವ್ವ ಅಲ್ಲ. ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತೆ.

"ಇರ್ಲಿ ಬಿಡು. ಈ ಸಲ ಹಬ್ಬ ನಮ್ಮ ಎಮ್ಮಿದು." ಅವಳು ನಗಲು ನೋಡಿದಳು. ಬಕೆಟ್ಟನ್ನು ಕೊಡಕ್ಕೆ ಸುರಿದುಕೊಂಡಳು. ದಿನದಂತೆ ತಳಕ್ಕೆ ಸ್ವಲ್ಪ ನೀರು ಹಾಕಿ ಕಲಕಿ, ಬಕೆಟ್ಟನ್ನು ಮೊದಲಿನ ಜಾಗಕ್ಕೇ ಇಟ್ಟಳು.

ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಅವ್ವನ ಪಕ್ಕದ ಜಾಗ ಖಾಲಿ ಇತ್ತು. ಅಪ್ಪ ಮಂಚದ ಮೇಲೆ ಮೊಬೈಲು ನೋಡುತ್ತಿದ್ದರು. ಧಾರಾವಾಹಿಯಲ್ಲಿ ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು. ಸೊಸೆ ಮಾಡದ ತಪ್ಪಿಗೆ. ಬಾಗಿಲು ಮುಚ್ಚಿತು, ಸೊಸೆ ಮಳೆಯಲ್ಲಿ ನಿಂತಳು. ಕಸ್ತೂರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎಷ್ಟ ಸಹಿಸ್ತದರೀ ಆ ಹುಡುಗಿ," ಎಂದರು ಭಾಗೀರಥಿಬಾಯಿ. "ಮನ್ಯಾಗ ಒಬ್ಬರಿಗರ ಬಾಯಿ ಬ್ಯಾಡೇನ್ರಿ, ಆಕಿದು ತಪ್ಪಿಲ್ಲ ಅನ್ಲಿಕ್ಕೆ?"

"ಗಂಡ ಅನ್ನಾಂವ ನೋಡ್ರಿ, ಕಂಬ ನಿಂತಂಗ ನಿಂತಾನ," ಎಂದಳು ಕಸ್ತೂರವ್ವ.

ಬಾಗಿಲಲ್ಲಿ ಮಂಜುಳಾ ವೈನಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಕೈಯಲ್ಲಿ ನಮ್ಮ ತಾಟು, ಬೆಳಗಿ ತಂದಿದ್ದಳು. ಯಾರ ಮನೆಯ ತಾಟನ್ನೂ ಬರಿದಾಗಿ ಹಿಂತಿರುಗಿಸಬಾರದು. ಅವಳು ಅದರಲ್ಲಿ ಒಂದು ಬೆಲ್ಲದ ಚೂರು ಇಟ್ಟಿದ್ದಳು.

"ನಿಮ್ಮ ಮನಿ ರೊಟ್ಟಿ ಉಂಡ್ನಿ ಚಿಗವ್ವಾ. ಕಾಳಪಲ್ಯಾ ಚಲೋ ಆಗಿತ್ತು," ಎಂದಳು. ತಾಟನ್ನು ಹೊಸ್ತಿಲ ಒಳಗೆ ಇಟ್ಟಳು. ರೊಟ್ಟಿಯ ಬಗ್ಗೆ ಬೇರೇನೂ ಹೇಳಲಿಲ್ಲ. ಆದರೆ ಮೂವರು ಹೆಂಗಸರೂ ಒಮ್ಮೆಲೇ ಅಲುಗಾಡಿದರು, ಸೀರೆ ಸರಿಮಾಡಿಕೊಂಡರು. ಅವಳು ಇವತ್ತು ಯಾರ ಯಾರ ಬಕೆಟ್ಟಿಗೆ ಕೈ ಹಾಕಿದಳು ಎಂಬುದು ಆಗ ಅವರಿಗೆ ಹೊಳೆದಿರಬೇಕು.

"ಪಂಚಮಿ ಮುಗಿಯೂ ತನಕ ನನಗ ತಡಿಯೂದು ಆಗೂದಿಲ್ರಿ. ನಾಳೆ ಮುಂಜಾನಿ ರಾಮದುರ್ಗದ ಬಸ್ಸಿಗೆ ಹೊಂಟೇನಿ. ನಾ ಒಬ್ಬಾಕಿ ಹ್ವಾದ್ರ ಅತ್ತಿ ಒಳಗ ಬಿಡೂದಿಲ್ಲ. ಯಾರರ ಒಬ್ಬರು ಬರ್ತೀರೇನ್ರಿ?"

"ಜಾಹೀರಾತ ಬರ್ಲಿ ತಡಿಯವಾ," ಎಂದಳು ಅವ್ವ, ಟೀವಿಯಿಂದ ಕಣ್ಣು ತೆಗೆಯದೆ.

ವೈನಿ ಕಾದಳು. ಮಳೆಯಲ್ಲಿ ಸೊಸೆ ಇನ್ನೂ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಜಾಹೀರಾತು ಬಂತು, ಬಟ್ಟೆ ಸೋಪಿನದು. ದಿನಾ ಬರುವ ಅದನ್ನು ಎಲ್ಲರೂ ಮೊದಲ ಸಲ ನೋಡುವವರ ಹಾಗೆ ನೋಡಿದರು. ಸೋಪು ಹೋಗಿ ಮಸಾಲೆ ಬಂತು. ಭಾಗೀರಥಿಬಾಯಿ ಚಷ್ಮಾ ತೆಗೆದು ಒರೆಸಿದರು. "ಒಳಗ ಬಾರವಾ, ಕುಂಡ್ರು," ಎಂದರು ಅಪ್ಪ, ಮೊಬೈಲಿನಿಂದ ತಲೆ ಎತ್ತದೆ. ಧಾರಾವಾಹಿ ಮತ್ತೆ ಶುರುವಾಯಿತು. ವೈನಿ ನನ್ನನ್ನು ನೋಡಿದಳು. ನಾನು ಕಪ್ಪುಗಳನ್ನು ಒಂದರೊಳಗೆ ಒಂದು ಇಡುತ್ತಿದ್ದೆ.

ಅವಳು ಹೋದಳು. ಓಣಿಯ ಕಲ್ಲಿನ ಮೇಲೆ ಅವಳ ಚಪ್ಪಲಿಯ ಸದ್ದು, ಆಮೇಲೆ ಎಮ್ಮೆ ಅವಳನ್ನು ಕಂಡು ಒದರಿದ ಸದ್ದು ಕೇಳಿಸಿತು.

"ತಗದ ಒಳಗ ಇಡು ಅದನ್ನ," ಎಂದಳು ಅವ್ವ ತಾಟಿನ ಕಡೆ ನೋಡಿ. "ಬೆಲ್ಲ ಅಲ್ಲೇ ಬಕೀಟಿಗೆ ಒಗಿ."

ನಾನು ಬಗ್ಗಿ ತಾಟು ಎತ್ತಿಕೊಂಡೆ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಆಗಲೂ ಒಂದು ಗಳಿಗೆ ನಾಲಿಗೆ ಕಹಿಯನ್ನು ಹುಡುಕಿತು. ಅದು ಬರೀ ಬೆಲ್ಲ, ಸ್ವಲ್ಪ ಉಪ್ಪುಪ್ಪು, ಸಂತೆಯಲ್ಲಿ ಸಿಗುವ ಕರಿ ಬೆಲ್ಲ. ಇದನ್ನು ಅವಳು ಬಾಗಿಲಲ್ಲಿ ನಿಂತಿದ್ದಾಗ ತಿನ್ನಬೇಕಿತ್ತು. ಈಗ ತಿಂದದ್ದನ್ನು ಇವರು ಮಾತ್ರ ನೋಡಿದರು.

ಅವ್ವನ ಮೊಣಕಾಲ ಹತ್ತಿರ ರಿಮೋಟು ಇತ್ತು. ತೆಗೆದುಕೊಂಡು ಟೀವಿಯ ಸದ್ದು ಪೂರ್ತಿ ಇಳಿಸಿದೆ. ಪರದೆಯ ಮೇಲೆ ಸೊಸೆಯ ಬಾಯಿ ಆಡುತ್ತಿತ್ತು. ಅವ್ವ, ಕಸ್ತೂರವ್ವ, ಭಾಗೀರಥಿಬಾಯಿ ಮೂವರೂ ನನ್ನ ಕಡೆ ತಿರುಗಿದರು. ಅಪ್ಪನೂ ತಲೆ ಎತ್ತಿದರು. ಅಷ್ಟು ಜನ ಒಮ್ಮೆಲೇ ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ. ಬೆಲ್ಲ ಇನ್ನೂ ಕರಗಿರಲಿಲ್ಲ, ಅದನ್ನು ದವಡೆಗೆ ಸರಿಸಿಕೊಂಡು ಕೇಳಿದೆ.

"ಅವ್ವಾ, ನಾಳೆ ವೈನಿ ಜೊತಿ ರಾಮದುರ್ಗಕ್ಕ ನಾ ಹೋಗಿ ಬರ್ಲಿ?"